ಮೂವತ್ತು ದಿನಗಳ ಒಳಗೆ

ಬುರ್ಹಾನ್‌ಪುರ ನಗರಪಾಲಿಕೆಯ ಮೊದಲ ಮಹಡಿಯಲ್ಲಿ
ನಾಲ್ಕು ಮೊಳೆಗಳಿಗೆ ತೂಗುಬಿದ್ದಿದೆ
ಎರಡು ಸಾವಿರದ ನಲವತ್ತೊಂದನೇ ಇಸವಿ.
ಹಳದಿಯೆಂದರೆ ಮನೆ, ನೀಲಿ ಅಂಗಡಿ, ನೇರಳೆ ಕಾರ್ಖಾನೆ,
ಹಸಿರು ಇನ್ನೂ ಯಾರ ಪಾಲಿಗೂ ಬಂದಿಲ್ಲ.
ಅದರ ಕೆಳಗೆ ಒಂದು ಮೇಜು, ಒಂದು ದಪ್ಪ ಪುಸ್ತಕ, ನಾನು.
ತಕರಾರಿದ್ದವರು ಮೂವತ್ತು ದಿನಗಳ ಒಳಗೆ
ಹೆಸರು, ವಿಳಾಸ, ಸರ್ವೆ ನಂಬರಿನೊಡನೆ
ಬರೆದು ಕೊಡತಕ್ಕದ್ದು.

ಮೊದಲ ವಾರ ಯಾರೂ ಬರಲಿಲ್ಲ.
ಒಂದು ಪಾರಿವಾಳ ಬಂದು ಬೈಪಾಸಿನ ಮೇಲೆ
ತನ್ನ ಅಭಿಪ್ರಾಯ ಹಾಕಿಹೋಯಿತು.
ಒದ್ದೆ ಬಟ್ಟೆಯಲ್ಲಿ ಒರೆಸಿದೆ.
ಬೈಪಾಸು ಅಷ್ಟು ಜಾಗದಲ್ಲಿ ಮಾಸಲಾಗಿದೆ.

ಆಮೇಲೆ ಬಂದರು ನೋಡಿ, ಸಂತೆ ನೆರೆದ ಹಾಗೆ.
ಯಾರು ಬಂದರೂ ಮೊದಲು ಹುಡುಕುವುದು ತಮ್ಮ ಮನೆ.
ಸಿಕ್ಕಿದರೆ ಅದರ ಮೇಲೆ ಬೆರಳಿಟ್ಟು
ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ.
ಎಷ್ಟು ಬೆರಳು ಬಿದ್ದವೋ ಏನೋ,
ಶನ್ವಾರಾ ದರವಾಜೆಯ ಬಳಿ ಕಾಗದ ಎಣ್ಣೆ ಕುಡಿದು
ಹಿಂದಿನ ಗೋಡೆ ಕಾಣತೊಡಗಿದೆ.

ರಜ್ಜಬ್ ಅನ್ಸಾರಿ ಕೇಳಿದ:
ನನ್ನ ನಾಲ್ಕು ಪವರ್‌ಲೂಮು ಹಳದಿಯೊಳಗಿವೆ ಸಾಹೇಬರೇ,
ನಾನು ಮಲಗುವುದೂ ಅವುಗಳ ನಡುವೆಯೇ.
ಹಗಲು ನೇರಳೆ, ರಾತ್ರಿ ಹಳದಿ
ಹೀಗೆ ಬಳಿಯುವ ಬಣ್ಣವಿಲ್ಲವೇ ಭೋಪಾಲದಲ್ಲಿ?
ಬರೆದುಕೊಂಡೆ. ಕ್ರಮಸಂಖ್ಯೆ ಹನ್ನೊಂದು.
ಬಾಳೆತೋಟದ ಸುಗನಾಬಾಯಿ ಮಹಾಜನಳದು ತಕರಾರೇ ಅಲ್ಲ:
ಪಕ್ಕದವನ ಹೊಲ ಹಳದಿ ಮಾಡಿದ್ದೀರಿ,
ನನ್ನದಕ್ಕೂ ಒಂದಿಷ್ಟು ಬಳಿಯಿರಿ, ಮಾರುವುದಿದೆ.
ಹೆಬ್ಬೆಟ್ಟೊತ್ತಿ, ಉಳಿದ ಶಾಯಿಯನ್ನು
ನನ್ನ ಮೇಜಿಗೇ ಒರೆಸಿ ಹೋದಳು.

ಲೆಕ್ಕ ಹಾಕಿದವಳು ತೋಷಿ ಖರೆ, ಇಪ್ಪತ್ತಾರರ ಹುಡುಗಿ.
ಇರುವವರು ಇಷ್ಟು, ಹುಟ್ಟುವವರು ಇಷ್ಟು,
ಬಸ್ಸಿನಿಂದ ಇಳಿಯುವವರು ಇಷ್ಟು,
ತಲೆಗೆ ದಿನಕ್ಕೆ ನೂರಾ ಮೂವತ್ತೈದು ಲೀಟರು.
ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬುದನ್ನು
ಹದಿನೇಳು ಕಾಲಮ್ಮುಗಳಲ್ಲಿ ಬರೆದಿದ್ದಳು.

ಇಪ್ಪತ್ತೊಂಬತ್ತನೇ ದಿನ, ಬಾಗಿಲು ಹಾಕುವ ಹೊತ್ತಿಗೆ
ಕಬ್ಬಿಣದ ವ್ಯಾಪಾರಿ ಮುಫದ್ದಲ್ ಭಾಯಿ ಬಂದರು.
ಮನೆ ಹುಡುಕಲಿಲ್ಲ. ಬೆರಳೂ ಇಡಲಿಲ್ಲ.
ಕನ್ನಡಕ ಹಣೆಗೇರಿಸಿ, ಸಾತ್ಪುಡಾ ಗುಡ್ಡದಿಂದ ಊರಿಗಿಳಿಯುವ
ಹಳೇ ಬಾವಿಗಳ ಚುಕ್ಕೆಸಾಲನ್ನು ಎಣಿಸುತ್ತ ಬಂದು
ಇಪ್ಪತ್ನಾಲ್ಕು ಮೀಟರಿನ ಹೊಸ ರಸ್ತೆಯ ಅಂಚಲ್ಲಿ ನಿಂತರು.
ಇಲ್ಲೊಂದು ಬಿಟ್ಟುಹೋಗಿದೆ, ಎಂದರು.

ನಾನೂರು ವರ್ಷದ ಹಿಂದೆ ಯಾರೋ ನೆಲದಡಿ ನೀರು ನಡೆಸಿ
ದಾರಿಯುದ್ದಕ್ಕೂ ಅದಕ್ಕೆ ಉಸಿರಾಡಲು ಕೊರೆದ ಬಾವಿಗಳು.
ಒಂದು ನಮ್ಮ ಗೋದಾಮಿನೊಳಗಿದೆ.
ಅಪ್ಪ ಅದಕ್ಕೆ ಚಪ್ಪಡಿ ಮುಚ್ಚಿ, ಮೇಲೆ ಸರಳು ಪೇರಿಸಿದರು.
ಯಾರಿಗೂ ಹೇಳಲಿಲ್ಲ. ನಾನೂ.
ಹೇಳಿದರೆ ಗೋದಾಮು ಹೋಗುತ್ತದೆ.
ಹೇಳದಿದ್ದರೆ ರೋಲರು ಬರುತ್ತದೆ.

ತಕರಾರೋ ಸಲಹೆಯೋ, ಎಂದೆ. ಎರಡೇ ಕಲಮು.
ಮೂರನೆಯದು ಇಲ್ಲವೇ, ಎಂದರು.

ಆ ರಾತ್ರಿ ಗೋದಾಮಿಗೆ ಹೋದೆ, ಪುಸ್ತಕ ಕಂಕುಳಲ್ಲಿಟ್ಟುಕೊಂಡೇ.
ಸರಳು ಸರಿಸಲು ಇಬ್ಬರಿಗೂ ಬೆವರು ಕಿತ್ತು ಬಂತು.
ಚಪ್ಪಡಿಗೆ ಕಿವಿ ಹಚ್ಚಿದೆ.
ಏನೂ ಇಲ್ಲ. ನನ್ನದೇ ನೆತ್ತರಿನ ದಡಬಡ.
ಆಮೇಲೆ, ಬಹಳ ಕೆಳಗೆ,
ಯಾರೋ ಕತ್ತಲಲ್ಲಿ ಸೀರೆ ಮಡಚುತ್ತಿರುವ ಹಾಗೆ.

ನನ್ನನ್ನು ಯಾವ ಕಾಲಮ್ಮಿನಲ್ಲಿ ಬರೆದಿದ್ದನೋ ಆ ಪುಣ್ಯಾತ್ಮ,
ನನಗೂ ಮುಖ ತೊಳೆಯಲು ಮಿಕ್ಕುವಷ್ಟು ಬಿಟ್ಟಿದ್ದ.

ಬೆಳಿಗ್ಗೆ ತೋಷಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ:
ಬಾಯಿ ಎಷ್ಟಗಲ?
ಎರಡೂ ಕೈ ಚಾಚಿ ತೋರಿಸಿದೆ.
ಕುರ್ಚಿ ಹತ್ತಿ, ರಸ್ತೆಯ ಅಂಚಿನಲ್ಲಿ
ಸಾಸಿವೆ ಕಾಳಿನಷ್ಟು ಒಂದು ಸೊನ್ನೆ ಸುತ್ತಿದಳು.
ಪೆನ್ಸಿಲ್ಲಿನಲ್ಲಿ.
ರಬ್ಬರು ಅವಳ ಇನ್ನೊಂದು ಕೈಯಲ್ಲಿತ್ತು.