ಹತ್ತು ಅಂಕದ ಪ್ರಶ್ನೆ

ಮಧ್ಯಾಹ್ನದ ಕೊನೆಯ ಪೀರಿಯಡ್ಡು.
ಕೋಲಾರದ ಬಿಸಿಲು ತಗಡಿನ ಸೂರಿನ ಮೇಲೆ ಟಿಣ್ಣೆನ್ನುವಾಗ
ನಾನು ಪಾಠ ಮಾಡಬೇಕಾದದ್ದು
ಹಿಮ, ಜವುಗು, ಬೆಂಕಿ ಉರಿವ ದೊಡ್ಡ ಹಜಾರ,
ಹಜಾರದ ಆಚೆ ಕತ್ತಲಲ್ಲಿ, ಒಳಗಿನ ಹಾಡು ಕೇಳಿ ಕೇಳಿ
ಕಿವಿ ಹುಣ್ಣಾದ ಒಬ್ಬ ರಾಕ್ಷಸ.

ಆಂಗ್ಲೋ-ಸ್ಯಾಕ್ಸನ್ನರೂ ನಮ್ಮ ಹಾಗೇ, ಅಂದೆ.
ಪ್ರಾಸವನ್ನು ಸಾಲಿನ ಬಾಲಕ್ಕಲ್ಲ, ತಲೆಯ ಹತ್ತಿರ ಕಟ್ಟಿದವರು.
ಉಂಡ ಅನ್ನಕ್ಕೆ ಪ್ರಾಣ ಒತ್ತೆ ಇಟ್ಟವರು.
ಹಳಗನ್ನಡದಲ್ಲಿ ಇದಕ್ಕೆ ಜೋಳವಾಳಿ ಅನ್ನುತ್ತಾರೆ.
ಹಿಂದಿನ ಬೆಂಚು ನಕ್ಕಿತು: "ನಮ್ಮದು ರಾಗಿವಾಳಿ ಸಾರ್."

ಕಡಲನ್ನು ಅವರು ಬರೀ ಕಡಲೆನ್ನುತ್ತಿರಲಿಲ್ಲ;
ಎರಡು ಮಾತು ಉಜ್ಜಿ ಮೂರನೆಯದನ್ನು ಹೊತ್ತಿಸುತ್ತಿದ್ದರು.
ನೀವೂ ಮಾಡಿ ನೋಡಿ, ಅಂದೆ. ಕಡಲು ಕಾಣದ ಮಕ್ಕಳು
ಬೋರ್‌ವೆಲ್ಲಿಗೆ 'ಸಾವಿರದಡಿ ಬಾಯಾರಿಕೆ' ಎಂದರು,
ಟೊಮೇಟೊ ಮಂಡಿಗೆ 'ಕೆಂಪು ಜೂಜು'.
ಆಂಡರ್ಸನ್‌ಪೇಟೆಯ ಜೆಬಮೇರಿ ಎದ್ದು ಬಂದು
ಬೋರ್ಡಿನ ಮೇಲೆ ಬರೆದಳು: 'ಹಣೆಚಂದ್ರ'.
ಏನಮ್ಮ ಅದು?
"ತಾತನ ಹೆಲ್ಮೆಟ್ಟಿನ ದೀಪ."

ಹೋಗಿ ಕೂರಲಿಲ್ಲ. ಕೇಳಿದಳು:
"ವೀರನಿಗೆ ಹೆಸರಿದೆ, ರಾಕ್ಷಸನಿಗಿದೆ, ಕತ್ತಿಗೂ ಇದೆ.
ಮಗ ಸತ್ತನೆಂದು ನೀರಿನಿಂದೆದ್ದು ಬಂದ
ಆ ತಾಯಿಗೆ ಯಾಕಿಲ್ಲ ಸಾರ್?"
ನನ್ನ ನೋಟ್ಸಿನಲ್ಲಿರಲಿಲ್ಲ.
ಗಂಟೆ ಹೊಡೆಯಿತು, ಬಚಾವಾದೆ.

ಟೆಸ್ಟಿನಲ್ಲಿ ನಾನೇ ಹಾಕಿದ ಪ್ರಶ್ನೆ:
ವೀರ, ರಾಕ್ಷಸ, ಮೌಲ್ಯ. ವಿವರಿಸಿ. ಹತ್ತು ಅಂಕ.
ಅವಳ ತಡವರಿಸುವ ಇಂಗ್ಲಿಷನ್ನು
ಕನ್ನಡಕ್ಕೆ ನಾನೇ ತಂದುಕೊಂಡೆ, ಹೀಗೆ:

'ನಮ್ಮ ಕಡೆ ರಾಕ್ಷಸ ಇರುವುದು ನೆಲದಡಿ, ಎರಡು ಮೈಲಿ.
ಅಲ್ಲಿ ಬಂಡೆ ಸಿಡಿದರೆ ಇಲ್ಲಿ ಅಡುಗೆಮನೆಯ ಲೋಟ ನಡುಗುತ್ತಿತ್ತು.
ಲೋಟ ನಡುಗಿದ ಮೇಲೆ
ಯಾರು ಇಳಿದರು ಎಂಬುದಷ್ಟೇ ಲೆಕ್ಕ.
ತಾತ ಎರಡು ಸಲ ಇಳಿದು ಮೂವರನ್ನು ತಂದ.
ಮೂರನೇ ಸಲ ತೊಟ್ಟಿಲು ಖಾಲಿ ಬಂತು.
ಕ್ಲಬ್ಬಿನಲ್ಲಿ ಅವತ್ತೂ ಬ್ಯಾಂಡು ನಿಲ್ಲಲಿಲ್ಲವಂತೆ.
ಪಾಟಿ ಗೇಟು ಹಿಡಿದು ಕೂಗಿದಳು, ತಲೆ ಬಿಚ್ಚಿ.
ಯಾರೇ ಇವಳು ರಾಕ್ಷಸಿ ಥರ, ಎಂದ ವಾಚ್‌ಮನ್.
ಅವಳ ಹೆಸರು ಸೂಸೈಯಮ್ಮ. ಇಲ್ಲಿ ಬರೆದಿದ್ದೇನೆ.
ಇನ್ನು ಚಿನ್ನ ಕಾಯುವ ಸರ್ಪ: ಅದು ಹೊರಟುಹೋಯಿತು,
ಪೊರೆ ಬಿಟ್ಟಿದೆ. ಸೈನೈಡ್ ಗುಡ್ಡ ಅನ್ನುತ್ತೇವೆ.
ಗಾಳಿ ಎದ್ದರೆ ಒಣಹಾಕಿದ ಬಟ್ಟೆಯೆಲ್ಲ
ಮತ್ತೆ ಒಗೆಯಬೇಕು.'

ಏಳು ಕೊಟ್ಟೆ.
ವಿಧಿಯ ಬಗ್ಗೆ ಒಂದು ಸಾಲೂ ಇರಲಿಲ್ಲ,
ಮಾದರಿ ಉತ್ತರದಲ್ಲಿ ಅದಕ್ಕೆ ಮೂರು.

ಮನೆ ದಾರಿಯಲ್ಲಿ, ಕೆರೆಕೋಡಿಯ ಟೀ ಅಂಗಡಿ ಪಕ್ಕ
ಅರ್ಧ ಹೂತ ವೀರಗಲ್ಲು.
ಶಿಲ್ಪಿಗೆ ಹುಲಿಯ ಮೇಲೆ ಮಮತೆ ಜಾಸ್ತಿ:
ಮೀಸೆ ಒಂದೊಂದೂ ಎಣಿಸಬಹುದು.
ವೀರನ ಮುಖ ಸವೆದು ಹಪ್ಪಳ.
ಅಕ್ಷರದಲ್ಲಿ ಹಳ್ಳಿಯ ಹೆಸರಿದೆ, ದನದ ಲೆಕ್ಕವಿದೆ,
ಅವನ ಹೆಸರಿದ್ದ ಜಾಗದಲ್ಲಿ ಯಾರೋ ಕುಡುಗೋಲು ಮಸೆದಿದ್ದಾರೆ.
ಕೆಳಮೂಲೆಯಲ್ಲಿ ಗೇಣುದ್ದದ ಹೆಂಗಸು, ಕೈ ಎತ್ತಿ.
ಖಾಲಿ ಜಾಗ ತುಂಬಲು ಕಡೆದದ್ದು ಅಂದುಕೊಂಡಿದ್ದೆ.
ಹರಸುತ್ತಿದ್ದಾಳೋ, ತಡೆಯುತ್ತಿದ್ದಾಳೋ,
ಗೇಟು ಹಿಡಿದಿದ್ದಾಳೋ.

ಹನ್ನೊಂದು ವರ್ಷ ಈ ಕಲ್ಲಿಗೆ
ಸ್ಕೂಟರ್ ಒರಗಿಸಿ ಟೀ ಕುಡಿದವನು ನಾನು.
ಇವತ್ತು ಸ್ಟ್ಯಾಂಡು ಹಾಕಿದೆ.