ನೋಂದಣಿ ಅರ್ಜಿ, ಮೂರನೇ ಸಲ

ಎರಡು ಸಲ ತಿರುಗಿ ಬಂದಿದೆ.
ಕಾರಣ: ವಿಳಾಸ ಹೊಂದುತ್ತಿಲ್ಲ.

ಸಾತಬಾರಾ ಉತಾರದಲ್ಲಿ ಕೇಂಚನಹಟ್ಟಿ,
ಲೈಟ್ ಬಿಲ್ಲಿನಲ್ಲಿ ಹಕಾರ ಹಾರಿಹೋಗಿ ಕೆಂಚನಟಿ,
ಆಹಾರ ಪರವಾನಗಿಯಲ್ಲಿ, ಸಾಂಗಲಿಯ ಯಾರೋ ಹುಡುಗ
ಊಟಕ್ಕೆ ಏಳುವ ಅವಸರದಲ್ಲಿ ಒತ್ತಿದ ಕಂಚನಟ್ಟಿ.
ನಮ್ಮ ಬಾಯಲ್ಲಿ ಕೆಂಚನಟ್ಟಿ,
ಜತ್ತದ ಬಸ್ಸಿನ ಕಂಡಕ್ಟರನಿಗೆ ಬರೀ ಕೊನೇ ಸ್ಟಾಪು.
ಕಡಲಾಚೆಯ ಕಚೇರಿ ಕೇಳುತ್ತದೆ:
ಇವು ನಾಲ್ಕು ಊರೋ, ಒಂದೋ?

ಚನಮಲ್ಲ ಮಾವ ಚಹಾದ ಬಸಿಯಿಂದ ಬಾಯಿ ತೆಗೆದು ಅಂದ:
"ನಾವು ಕುಂತಲ್ಲೇ ಕುಂತೀವಿ,
ಊರು ತಿರಗ್ಯಾಡತೈತಿ ಅಂತ ಬರಿ."
ಆ ಖಾನೆಯಲ್ಲಿ ಇಪ್ಪತ್ತು ಅಕ್ಷರಕ್ಕಷ್ಟೇ ಜಾಗ.

ಪ್ರಶ್ನೆ ಎಂಟು: ಆ ದೇಶದಲ್ಲಿ ನಿಮ್ಮ ಪ್ರತಿನಿಧಿ ಯಾರು?
ಯಾವ ಹೊತ್ತಿಗೂ ಫೋನ್ ಎತ್ತುವವರಾಗಿರಬೇಕು.
ನಡುರಾತ್ರಿ ಎತ್ತುವವರು ನಮಗೆ ತಾಲೂಕಿನಲ್ಲೇ ಇಬ್ಬರು,
ವಾಯರ್‌ಮನ್ ಇಲಾಹಿ, ಸೂಲಗಿತ್ತಿ ಭಾಗೀರಥಿ.
ವರ್ಷಕ್ಕಿಷ್ಟು ಡಾಲರಿಗೆ ಅಲ್ಲೊಬ್ಬ ಸಿಕ್ಕ.
ಮುಖ ಕಂಡಿಲ್ಲ. ದ್ರಾಕ್ಷಿಯ ಬಳ್ಳಿ ಅವನು ಕಂಡಿದ್ದಾನೋ ಇಲ್ಲವೋ,
ನಮ್ಮ ಪರವಾಗಿ ನಿದ್ದೆಗೆಡಲು ಒಪ್ಪಿದ್ದಾನೆ.

ಪ್ರಶ್ನೆ ಹದಿಮೂರು: ಹಕ್ಕಿ, ಇಲಿ, ಇರುವೆ. ತಡೆಯ ಕ್ರಮ ವಿವರಿಸಿ.
ಹಸಿರು ಜಾಳಿಗೆ, ಎರಡು ಪದರ. ಬಾಗಿಲಿಗೆ ಗಾಳಿಪರದೆ.
ಬೆಕ್ಕು ಇದೆ ಎಂದು ಬರೆದು ಅಳಿಸಿದೆ.
ಬೆಕ್ಕು ಇನ್ನೊಂದು ಪ್ರಶ್ನೆಯಾಗುತ್ತದೆ.

ಗಂಧಕದ ಹೊಗೆ ಎಷ್ಟು ತಾಸು, ಕಾಳಿನಲ್ಲಿ ಉಳಿದದ್ದೆಷ್ಟು?
ಪುಣೆಯ ಲ್ಯಾಬಿನ ಕಾಗದ ಲಗತ್ತಿಸಿದೆ.
ಎದೆಯಲ್ಲಿ ಉಳಿದದ್ದನ್ನು
ಅವರು ಕೇಳಿಲ್ಲ, ನಾವು ಅಳೆಸಿಲ್ಲ.

ಪ್ರಶ್ನೆ ಹತ್ತೊಂಬತ್ತು:
ಪೆಟ್ಟಿಗೆಯಿಂದ ಬಳ್ಳಿಯ ತನಕ ಹಿಂದಕ್ಕೆ ಹೋಗಬಲ್ಲಿರಾ?

ಕಸ್ತೂರಬಾಯಿ ಹೋಗಬಲ್ಲಳು.
ಇಪ್ಪತ್ತೆರಡು ಹಂಗಾಮು ಈ ಆರಿಸುವ ಮೇಜಿಗೆ ನಿಂತವಳು.
ಒಂದು ಕಾಳು ಮುಂಗಚ್ಚಿನಲ್ಲಿ ಒತ್ತಿ, ಕಣ್ಣು ಕಿರಿದು ಮಾಡಿ:
"ಇದು ಸೋನ್ಯಾಳದ ಗರಸು ಭೂಮೀದು.
ಕಡೀ ನೀರು ಒಂದಿನ ಹೆಚ್ಚಿಗಿ ಬಿಟ್ಟಾರ."
"ಇದು ಗೌಸನ ತ್ವಾಟದ್ದು. ತೊಗಲು ದಪ್ಪ, ಮಾತು ತೆಳು, ಅಂವನಂಗ."
ಇಷ್ಟು ವರ್ಷದಲ್ಲಿ ತಪ್ಪಿದ್ದು ಒಂದೇ ವಾರ,
ಮಗಳು ಮಿರಜದ ದವಾಖಾನೆಯಲ್ಲಿದ್ದಾಗ.

ಪ್ರಶ್ನೆ ಇಪ್ಪತ್ತು:
ಕೆಲಸದ ಜಾಗದಲ್ಲಿ ಯಾರೂ ಏನನ್ನೂ
ಬಾಯಿಗೆ ಹಾಕುವುದಿಲ್ಲ ಎಂದು ಖಾತ್ರಿ ಕೊಡುವಿರಾ?
ಹೌದು, ಇಲ್ಲ. ಎರಡೇ ಚೌಕ.

ತಪ್ಪು ಪ್ರಶ್ನೆಯಲ್ಲ. ಅಲ್ಲಿ ಯಾರದೋ ಮಗು
ಡಬ್ಬಿ ಬಿಚ್ಚಿ ಮುಷ್ಟಿ ತುಂಬಿಕೊಳ್ಳುತ್ತದೆ.
ನಾನು ಹೌದು ಒತ್ತಿದೆ.

ಈಗ ಪ್ರತಿ ತಟ್ಟೆಗೂ ಚೀಟಿ: ಪ್ಲಾಟು, ತಾರೀಖು, ಸಾಲು.
ಕಸ್ತೂರಬಾಯಿಯ ಬಾಯಿಗೆ ನೀಲಿ ಬಟ್ಟೆ.
"ಏನಂತೈತಿ ನೋಡವಾ ಚೀಟಿ?"
"ಸೋನ್ಯಾಳ, ಪ್ಲಾಟು ನಾಲ್ಕು."
ಕಾಳನ್ನು ಬೆರಳಲ್ಲಿ ಹೊರಳಿಸಿದಳು, ಬಟ್ಟೆಯ ಹಿಂದೆ ದವಡೆ ಸುಮ್ಮನೆ ಆಡಿತು.
"ಅಂತೈತಿ ಅಂದ್ರ ಇರಬೇಕು."

ಸಂಖ್ಯೆ ಬಂದದ್ದು ಅಮಾವಾಸ್ಯೆಯ ದಿನ.
ಉಳಿದೆರಡು ಕಾಗದಗಳನ್ನು ತಿದ್ದಿಸಿ
ಹಸಿದ ಹುಡುಗನ ಕಾಗುಣಿತಕ್ಕೇ ಊರನ್ನು ಹೊಂದಿಸಿದ್ದೆವು.
ಬೋರ್ಡು ಬರೆಯಲು ಬಂದ ರೇವಣಸಿದ್ಧ
ಕುಂಚ ಎತ್ತಿ ಹಿಡಿದು ಕೇಳಿದ:
"ಏಳು ಯಾವ ಏಳು ಅಕ್ಕಾ? ಮರಾಠಿದೋ, ನಮ್ಮದೋ?"
ಅವರು ಓದುವ ಏಳು ಅಂದೆ.
"ಬಣ್ಣ ಐದು ವರ್ಷ ಬಾಳತೈತಿ."
ಸಂಖ್ಯೆಗೆ ಆಯುಷ್ಯ ಎರಡೇ ವರ್ಷ. ಅದನ್ನು ಅವನಿಗೆ ಹೇಳಲಿಲ್ಲ.

ಸಂಜೆ, ಹಳದಿ ಗೆರೆಯ ಆಚೆ, ಗೇಟಿನ ಕಲ್ಲಿನ ಮೇಲೆ
ಕಸ್ತೂರಬಾಯಿ ನೀಲಿ ಬಟ್ಟೆ ಬಿಚ್ಚಿದಳು,
ಸೆರಗಿನ ಗಂಟಿನಿಂದ ಒಂದು ಕಾಳು ತೆಗೆದಳು.
ಕಣ್ಣು ಕಿರಿದಾಯಿತು.

"ನಾಕನೇ ಪ್ಲಾಟಿಂದು ಅಂದ್ಯಲ್ಲ,
ಚೀಟಿ ತಪ್ಪೈತಿ. ಇದು ಗೌಸಂದು."

ಲಾರಿಗೆ ಆಗಲೇ ಹಗ್ಗ ಬಿಗಿಯುತ್ತಿದ್ದರು.