ಅಂತೆ

ಬಡ್ತಿಯ ಅರ್ಜಿಯ ಒಂಬತ್ತನೇ ಪುಟ ಕೇಳುತ್ತದೆ:
ನಿಮ್ಮ ಎಚ್-ಸೂಚ್ಯಂಕ ಎಷ್ಟು?
ಕೋಡಿಬಾಗದ ಪ್ರಯೋಗಾಲಯದಲ್ಲಿ ಕರೆಂಟಿಲ್ಲ.
ಫಾರ್ಮಲಿನ್ ಬಾಟಲಿಗಳ ನಡುವೆ ಮೇಣದಬತ್ತಿ ಹಚ್ಚುವಂತಿಲ್ಲ.
ಮೊಬೈಲಿನ ಬೆಳಕಲ್ಲಿ ನನ್ನ ಪ್ರಬಂಧಗಳನ್ನು
ರವಿವಾರದ ಸಂತೆಯ ಬಂಗಡೆಯ ಹಾಗೆ
ದೊಡ್ಡದು ಮುಂದೆ, ಸಣ್ಣದು ಹಿಂದೆ
ಜೋಡಿಸುತ್ತ ಹೋದೆ.

ಮೊದಲನೆಯದನ್ನು ನಲವತ್ತೊಂದು ಮಂದಿ ಉಲ್ಲೇಖಿಸಿದ್ದಾರೆ.
ಎರಡನೆಯದನ್ನು ಹತ್ತೊಂಬತ್ತು.
ಏಳನೆಯದನ್ನು ಏಳು.
ಎಂಟನೆಯದನ್ನು ಮೂರೇ, ಅದರಲ್ಲೊಬ್ಬಳು ನಾನೇ.
ಹಾಗಾಗಿ ನಾನು ಏಳು.
ಇಪ್ಪತ್ತೆರಡು ವರ್ಷದ ಕೆಸರು ತೊಳೆದರೆ
ಏಳು.

ಆ ನಲವತ್ತೊಂದರಲ್ಲಿ ಬ್ರೆಜಿಲಿನವನೊಬ್ಬ
ಪೆಡ್ನೇಕರಳನ್ನು ಪೆಂಡೇಕರ ಮಾಡಿದ.
ಆಮೇಲೆ ಬಂದ ಐದು ಮಂದಿಗೂ ನಾನು ಪೆಂಡೇಕರ.
ಯಾರು ನನ್ನನ್ನು ಓದಿದರು, ಯಾರು ಬರೇ ಅವನನ್ನು ಓದಿದರು,
ತಪ್ಪಿನ ಬಾಲ ಹಿಡಿದು ಹೋದರೆ ಗೊತ್ತಾಗುತ್ತದೆ.
ಕೊಚ್ಚಿಯವನೊಬ್ಬ ನಾನು ಹೇಳಿದ್ದು ಸುಳ್ಳೆಂದು ತೋರಿಸಲು
ಮೂರು ಪುಟ ಖರ್ಚು ಮಾಡಿದ. ಲೆಕ್ಕದಲ್ಲಿ ಅವನೂ ಒಂದು.
ಖರೆ ಹೇಳಬೇಕೆಂದರೆ
ನನ್ನನ್ನು ಪೂರ್ತಿ ಓದಿದವ ಅವನೊಬ್ಬನೇ.

ಆ ಪ್ರಬಂಧದ ಮೂರನೇ ಕೋಷ್ಟಕ ಹುಟ್ಟಿದ್ದು
ಕಡವಾಡದ ಹತ್ತಿರ, ಕಾಳಿಯ ನೀರು ಇಳಿದಾಗ.
ತುಳಸು ಅಂಬಿಗ ಕಾಲ್ಬೆರಳಿನಿಂದ ತಿಸರೆ ಹುಡುಕುತ್ತಿದ್ದಳು.
ನನ್ನ ಉಪ್ಪಿನ ಮೀಟರು ಕೈಕೊಟ್ಟಿತ್ತು.
ಅಂಗೈಯಲ್ಲಿ ನೀರು ಮೊಗೆದು, ನಾಲಿಗೆಗೆ ತಾಗಿಸಿ, ಉಗಿದು
ಅಂದಳು: "ನೀರು ಸಪ್ಪೆ ಆದ ಎಂಟನೇ ದಿವ್ಸಕ್ಕೆ
ತಿಸರೆ ಬಾಯಿ ಬಿಡ್ತದಂತೆ."
ಯಾರು ಹೇಳಿದ್ದು?
"ನಮ್ಮತ್ತೆ. ಅವ್ಳಿಗೆ ಅವ್ಳ ಚಿಕ್ಕಿ ಹೇಳಿದ್ದಂತೆ."

ಮೂರು ಮಳೆಗಾಲ ಅಳೆದೆ.
ಏಳೂವರೆಯಿಂದ ಒಂಬತ್ತು ದಿನ,
ಸರಾಸರಿ ಎಂಟು ಪಾಯಿಂಟ್ ಒಂದು.
ಇಂಗ್ಲಿಷಿನಲ್ಲಿ ಬರೆಯುವಾಗ
ಆ 'ಅಂತೆ'ಗೆ ಎಲ್ಲೂ ಜಾಗ ಸಿಗಲಿಲ್ಲ.
ನಮ್ಮಲ್ಲಾದರೆ ಎರಡೇ ಅಕ್ಷರ, ಋಣ ಸಂದಾಯ:
ಕಂಡದ್ದಲ್ಲ, ಕೇಳಿದ್ದು. ನನ್ನದಲ್ಲ, ಇನ್ನೊಬ್ಬರದು.
'ಕಂಡುಬಂದಿದೆ' ಎಂಬರ್ಥದ್ದೇನೋ ಬರೆದೆ.
ಯಾರಿಗೆ ಕಂಡಿತು ಎಂದು ಪರೀಕ್ಷಕರು ಕೇಳಲಿಲ್ಲ.
ಕೊನೆಯಲ್ಲಿ ಸ್ಥಳೀಯರಿಗೆ ಕೃತಜ್ಞತೆ ಎಂದೊಂದು ಸಾಲಿತ್ತು.
ಪುಟ ಮೀರಿತೆಂದು ಸಂಪಾದಕರು ಅದಕ್ಕೂ ಕತ್ತರಿ ಹಾಕಿದರು.
ಒಪ್ಪಿಗೆ ಇದೆಯೇ ಎಂದು ಕೇಳಿದರು.
ಇದೆ ಎಂದೆ.

ಹತ್ತನೇ ಪುಟ: ಸಹಯೋಗಿಗಳು.
ಹೆಸರು, ಸಂಸ್ಥೆ, ದೇಶ, ಇಮೇಲ್.
ಇಮೇಲಿನ ಪಕ್ಕ ಕೆಂಪು ಚುಕ್ಕಿ, ಬಿಟ್ಟರೆ ಅರ್ಜಿ ಮುಂದೆ ಹೋಗದು.
ಜರ್ಮನಿಯ ಪ್ರೊಫೆಸರರನ್ನು ತುಂಬಿದೆ.
ಎರಡು ಪ್ರಬಂಧಗಳಲ್ಲಿ ಜೊತೆಗಿದ್ದೇವೆ,
ಒಂದು ಸಲ ಚಹಾ ಕುಡಿದಿದ್ದೇವೆ.

ನಿನ್ನೆ ಮತ್ತೆ ಕಡವಾಡಕ್ಕೆ ಹೋದೆ.
ತುಳಸು ಈಗ ನೀರಿಗಿಳಿಯುವುದಿಲ್ಲ, ಮಂಡಿ ನೋವು.
ಅವಳ ಸೊಸೆ ಹೊಸಬಳೊಬ್ಬಳಿಗೆ ಕಲಿಸುತ್ತಿದ್ದಳು:
"ಸಪ್ಪೆ ಆದ ಎಂಟನೇ ದಿವ್ಸಕ್ಕೆ ಬಾಯಿ ಬಿಡ್ತದಂತೆ.
ಅದ್ರೊಳ್ಗೇ ತೆಗೀಬೇಕು."
"ಯಾರು ಹೇಳಿದ್ದು?"
"ಮೀಟರ್ ಅಕ್ಕೋರು."

ಅಲ್ಲ, ನಿಮ್ಮತ್ತೆ! ದಡದಿಂದಲೇ ಕೂಗಿದೆ.
ಸೊಸೆ ಬುಟ್ಟಿ ಸೊಂಟಕ್ಕೇರಿಸಿ ನಕ್ಕಳು:
"ಅತ್ತೆಯೇ ಹಂಗೆ ಹೇಳೂದು.
ಅಕ್ಕೋರು ಹೇಳಿದ್ದು ಅಂದ್ರೇ
ಇಲಾಖೆಯವ್ರು ಕೇಳೂದಂತೆ."

ಹೀಗೆ ಸಿಕ್ಕಿತು ನಲವತ್ತೆರಡನೆಯದು,
ಯಾವ ಯಂತ್ರವೂ ಎಣಿಸದ್ದು,
ಪೆಂಡೇಕರನಿಗಿಂತ ದೊಡ್ಡ ತಪ್ಪು.

ಅರ್ಜಿಗೆ ನಾಳೆ ಸಂಜೆ ಐದು ಕಡೆ.
ತುಳಸುವಿನ ಜಗಲಿಯಲ್ಲಿ ಕೂತು
ನಿಂಗೆ ಇಮೇಲ್ ಉಂಟಾ ಎಂದು ಕೇಳಿದೆ.
"ಮೊಮ್ಮಗಂದು ಉಂಟು. ಕ್ರಿಕೆಟ್ಟಿಗೆ ಹೋಗಿದ್ದಾನೆ, ಬರ್ಲಿ."
ಕೋಕಮ್ಮಿನ ಪಾನಕ ತಂದಳು.
ಲೋಟ ನನ್ನ ಕೈಗಿಡುವ ಮೊದಲು
ತಂಬಿಗೆಯಿಂದ ಅಂಗೈಗೆ ಒಂದು ಹನಿ,
ಅಂಗೈಯಿಂದ ನಾಲಿಗೆಗೆ.
"ಉಪ್ಪು ಕಮ್ಮಿ" ಎಂದು
ಮಂಡಿ ಹಿಡಿದುಕೊಂಡು ಒಳಗೆ ಹೋದಳು.